ಮಂತ್ರವಿದ್ಯೆಯ ಗುರುಸೇವೆಯನ್ನು ಆಟದ ಮೇಜಿಗೆ ತಂದ ನನ್ನ ಅನುಭವ

ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳಲ್ಲಿ, ಮಾಂತ್ರಿಕನ ಶಿಷ್ಯಾವಧಿಯನ್ನು ಪೂರ್ವಕಥೆಗೆ ತಳ್ಳಿ, ಪಾತ್ರದ ಸಾಮರ್ಥ್ಯದ ಮೊದಲ ಮೆಟ್ಟಿಲಾದ ಮೊದಲ ಲೆವೆಲ್‌ನಿಂದ ಆಟ ಆರಂಭಿಸುವುದೇ ನಮ್ಮಲ್ಲಿ ರೂಢಿ. ಆ ಅವಧಿಯನ್ನೇ ಆಡಿಸುತ್ತೇನೆಂದಾಗ, ಒಬ್ಬನು ಪಾಠ ಕಲಿಯುತ್ತಿದ್ದರೆ ಉಳಿದವರು ಆಕಳಿಸುತ್ತಾರೆಂದು, ಇಂಥ ಆಟ ನಡೆಸುವ ಅನುಭವಿ ಗೇಮ್ ಮಾಸ್ಟರ್‌ಗಳು ಎಚ್ಚರಿಸಿದ್ದರು. ವರ್ಷ ದಾಟಿದರೂ ಆಟ ನಿಂತಿಲ್ಲ. ಎಚ್ಚರಿಸಿದವರಲ್ಲಿ ಇಬ್ಬರು ಈಗ ಅದೇ ಮೇಜಿನಲ್ಲಿ ಆಡುತ್ತಿದ್ದಾರೆ.

ಲೆವೆಲ್ ಏರಲು ಗುರುವಿಗೆ ತೆರುವ ಶುಲ್ಕಕ್ಕೆ ಮೊದಲು ಹಿಡಿದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಹಳೆಯ ನಿಯಮಪುಸ್ತಕವಾದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಲೆಕ್ಕ: ವಾರವೊಂದಕ್ಕೆ, ಲೆವೆಲ್ ಒಂದಕ್ಕೆ 1,500 ಚಿನ್ನದ ನಾಣ್ಯ. ಅಲ್ಲಿ ಕಳ್ಳನು ಎರಡನೇ ಲೆವೆಲ್‌ಗೆ ಅರ್ಹನಾಗಲು 1,251 ಅನುಭವದ ಅಂಕ ಸಾಕು. ತಂದ ನಾಣ್ಯವೇ ಬಹುಪಾಲು ಅಂಕವಾಗುವ ಆ ಪದ್ಧತಿಯಲ್ಲಿ, ಅಂಕ ತುಂಬಿದರೂ ಒಂದು ವಾರದ ಶುಲ್ಕಕ್ಕೆ ಗಂಟು ಸಾಲದು. ಗುರು ಎರಡು ವಾರ ಬೇಕೆಂದಾಗ ಮಾಂತ್ರಿಕನೂ ಮುಳುಗಿದನು. ಅದೇ ಆಟದ ಐದನೇ ಆವೃತ್ತಿಯ ಐಚ್ಛಿಕ ನಿಯಮವೋ ತೀರಾ ಅಗ್ಗ: ನಾಲ್ಕನೇ ಲೆವೆಲ್‌ವರೆಗೆ ಹತ್ತು ದಿನ, ಇಪ್ಪತ್ತು ನಾಣ್ಯ. ‘ಹತ್ತು ದಿನ ಕಳೆದವು’ ಎಂಬ ಒಂದು ವಾಕ್ಯದಲ್ಲಿ ಗುರುಕುಲವೇ ಮುಗಿದುಹೋಗುತ್ತಿತ್ತು.

ದಾರಿ ತೋರಿದ್ದು ಮಾಂತ್ರಿಕರನ್ನೇ ಕುರಿತ ಇನ್ನೊಂದು ಆಟ, ಆರ್ಸ್ ಮ್ಯಾಜಿಕಾ. ಅಲ್ಲಿ ಶಿಷ್ಯಾವಧಿ ಹದಿನೈದು ವರ್ಷ. ಗುರು ವರ್ಷಕ್ಕೆ ಕನಿಷ್ಠ ಮೂರು ತಿಂಗಳು ಕಲಿಸಬೇಕು, ಉಳಿದ ಕಾಲ ಶಿಷ್ಯನ ದುಡಿಮೆ ಗುರುವಿನದು. ಇದನ್ನು ನಾನು ತಿಂಗಳಿಗೆ ಇಳಿಸಿ, ಒಂದು ವಾರ ಪಾಠ, ಮೂರು ವಾರ ಚಾಕರಿ ಎಂದು ಐದನೇ ಆವೃತ್ತಿಗೆ ಹೊಂದಿಸಿದೆ. ಆ ಮೂರು ವಾರಗಳಲ್ಲಿ ಉಳಿದ ಪಾತ್ರಗಳಿಗೂ ಒಂದೊಂದು ಕೆಲಸವಿರುತ್ತದೆ, ಒಂದೇ ದಾಳದ ಎಸೆತಕ್ಕೆ ತೀರ್ಮಾನವಾಗುವಂಥದ್ದು.

ಹಣದ ಲೆಕ್ಕವೇ ಇದರ ಜೀವಾಳ. ಐದನೇ ಆವೃತ್ತಿಯಲ್ಲಿ ಮಾಂತ್ರಿಕನು ಹೊಸ ಮಂತ್ರವನ್ನು ತನ್ನ ಮಂತ್ರಪುಸ್ತಕಕ್ಕೆ ಇಳಿಸಿಕೊಳ್ಳಲು ಮಂತ್ರದ ಪ್ರತಿ ಲೆವೆಲ್‌ಗೆ 50 ನಾಣ್ಯ, ಎರಡು ಗಂಟೆ. ಸ್ವಂತ ಪುಸ್ತಕದ ಹೆಚ್ಚುವರಿ ಪ್ರತಿಗಾದರೆ 10 ನಾಣ್ಯ, ಒಂದು ಗಂಟೆ. ನಮ್ಮಲ್ಲಿ ಗುರುವಿನ ಪುಸ್ತಕದ ಆ ಪ್ರತಿಯನ್ನು, ಗುರುವಿನದೇ ಶಾಯಿಯಲ್ಲಿ, ಶಿಷ್ಯನು ಎತ್ತಿ ಬರೆಯುತ್ತಾನೆ. ಮೂರನೇ ಲೆವೆಲ್‌ನ ಮಂತ್ರವಾದರೆ ಮೂರು ಗಂಟೆ; ತಪ್ಪಿದರೆ 30 ನಾಣ್ಯದ ಶಾಯಿ ಅವನ ಋಣದ ಚೀಟಿಗೆ ಏರುತ್ತದೆ. ಬರೆದು ಮುಗಿಸಿದವನಿಗೆ ಗುರು ಮಂತ್ರ ಬರೆಯುವ ಸಂಕೇತಲಿಪಿ ಕೈಗೆ ಹತ್ತಿರುವುದರಿಂದ ಆ ಮಂತ್ರ ಅವನ ಸ್ವಂತ ಪುಸ್ತಕಕ್ಕೆ ಅರ್ಧ ಬೆಲೆಗೆ. ಋಣ ಇನ್ನೂರರ ಆಸುಪಾಸು ಮುಟ್ಟಿದಾಗ ಗುರು ಹಣದ ಬದಲು ಒಂದು ವಸ್ತುವನ್ನು ತರಲು ಕಳುಹಿಸುತ್ತಾನೆ, ಒಬ್ಬನಿಂದ ಆಗದ ಕೆಲಸವಾದ್ದರಿಂದ ಇಡೀ ತಂಡವೇ ಹೊರಡುತ್ತದೆ. ಆಕಳಿಕೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಚೀಟಿಯ ಹಿಂಬದಿಯಲ್ಲಿ ನಾನು ಬರೆದಿಡುವುದನ್ನು ಮಾತ್ರ ಇಲ್ಲಿ ಹೇಳಲಾರೆ. ನನ್ನ ಆಟಗಾರರೂ ಇದನ್ನು ಓದುತ್ತಾರೆ.

ನಡುವೆ ಆ ಸಂಕೇತಲಿಪಿಯನ್ನು ನಿಜವಾಗಿಯೇ, ಅಕ್ಷರ ಬದಲಿಸಿ ಬರೆದುಕೊಟ್ಟು ನೋಡಿದೆ. ಒಬ್ಬ ಆಟಗಾರ್ತಿ ಸಂಜೆಯಿಡೀ ಅದರಲ್ಲೇ ಮುಳುಗಿದರು, ಉಳಿದವರು ಫೋನ್ ಹಿಡಿದರು. ಈಗ ಒಂದೇ ಸಾಲು ಕೊಡುತ್ತೇನೆ, ಅದೂ ಮನೆಗೆ ಒಯ್ಯಲು.

ಸದ್ಯ ಗುರುವಿಗೆ ಎರಡನೇ ಶಿಷ್ಯನನ್ನು ಸೇರಿಸಿದ್ದೇನೆ. ಒಬ್ಬನು ಕೆಡಿಸಿದ ಶಾಯಿಯ ಋಣವನ್ನು ಇನ್ನೊಬ್ಬನ ಚೀಟಿಗೂ ಹಂಚಬೇಕೇ ಎಂಬುದರ ಮೇಲೆ ಮೇಜಿನಲ್ಲಿ ವಾದ ನಡೆಯುತ್ತಿದೆ. ಹಂಚಬೇಕೆಂಬುದೇ ನನ್ನ ಒಲವು.