ಹೂಪಾತಿಯಡಿಯ ಎಣ್ಣೆ ಟ್ಯಾಂಕ್ ತೆಗೆಸಿದ್ದು: ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ನಾವು ಕೊಂಡ ಮನೆ 1950ರ ದಶಕದ್ದು. ಆಗಿನ ಅನೇಕ ಮನೆಗಳಿಗೆ ಅಂಗಳದಲ್ಲಿ ಹೂತಿಟ್ಟ ಉಕ್ಕಿನ ಟ್ಯಾಂಕಿನ ಎಣ್ಣೆಯೇ, ಅಂದರೆ ಮನೆಯನ್ನು ಬೆಚ್ಚಗಿಡಲು ಉರಿಸುವ ಇಂಧನವೇ, ಚಳಿಗಾಲದ ಆಸರೆಯಾಗಿತ್ತು. ಮುಂದೆ ಗ್ಯಾಸ್ ಸಂಪರ್ಕ ಬಂದಾಗ ಹಲವರು ಟ್ಯಾಂಕನ್ನು ಮಣ್ಣಿನಲ್ಲೇ ಬಿಟ್ಟರು. ನಮ್ಮ ನೆಲಮಾಳಿಗೆಯ ಗೋಡೆಯಿಂದ ಇಣುಕುತ್ತಿದ್ದ ಎರಡು ತುಂಡು ತಾಮ್ರದ ಕೊಳವೆಗಳನ್ನು, ಇಂಥ ಟ್ಯಾಂಕಿನ ಎಣ್ಣೆ ಮನೆಯೊಳಗೆ ಬರುತ್ತಿದ್ದುದು ಅಂಥವುಗಳಲ್ಲೇ ಆದ್ದರಿಂದ, ಕಂಡು ನನಗೆ ಅನುಮಾನ ಬಂತು. ಲೋಹಶೋಧಕ ತಂದವರು ಹೂಪಾತಿಯ ಅಡಿಯಲ್ಲಿ ಟ್ಯಾಂಕ್ ಇರುವುದನ್ನು ಖಚಿತಪಡಿಸಿದರು.

ಮೂವರು ಗುತ್ತಿಗೆದಾರರಿಂದ ದರಪತ್ರ ಪಡೆದೆ. ಮೂವರೂ ಹೇಳಿದ್ದು ಸೋರದ ಟ್ಯಾಂಕಿನ ದರ ಎಂಬುದು ಎರಡನೆಯ ಓದಿನಲ್ಲಿ ಹೊಳೆಯಿತು. ಆದ್ದರಿಂದ ಪ್ರತಿಯೊಬ್ಬರನ್ನೂ ಸೋರಿದ್ದರೆ ಮುಂದೇನು ಎಂದು ಕೇಳಿದೆ. ಅತಿ ಕಡಿಮೆ ದರದವರು "ಆಗ ನೋಡೋಣ" ಎಂದರು. ಎರಡನೆಯವರ ಕರಾರಿನಲ್ಲಿ, ಮಣ್ಣು ಕೆಟ್ಟಿದ್ದರೆ ಅದನ್ನು ಟನ್ನಿನ ಲೆಕ್ಕದಲ್ಲಿ ತೆಗೆಯುವ ಕೆಲಸವೂ ತಮಗೇ ಸೇರತಕ್ಕದ್ದು ಎಂದಿತ್ತು; ರೋಗ ಹೇಳುವವರೂ ಮದ್ದು ಮಾರುವವರೂ ಒಬ್ಬರೇ ಆಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೂರನೆಯವರು ಆ ಷರತ್ತು ಹಾಕಲಿಲ್ಲ. ಉಳಿದ ಎಣ್ಣೆಯಲ್ಲಿ ಎಷ್ಟು ಗ್ಯಾಲನ್ ತೆಗೆಯುವುದು ದರದಲ್ಲೇ ಸೇರಿದೆ, ಹಳ್ಳ ತುಂಬುವ ಮಣ್ಣು ಎಲ್ಲಿಯದು, ಮಣ್ಣಿನ ಮಾದರಿಯ ವರದಿ ಯಾರ ಹೆಸರಿಗೆ ಬರುತ್ತದೆ ಎಂಬುದನ್ನೆಲ್ಲ ಬರೆದುಕೊಟ್ಟರು. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯ ಪ್ರಮಾಣಪತ್ರ ಅವರಿಗಿದೆಯೇ ಎಂದು ನಾನೇ ಪರಿಶೀಲಿಸಿ, ವಿಮೆಯ ಪತ್ರ ನೋಡಿ, ಸಹಿ ಹಾಕಿದೆ. ನನ್ನ ಮನೆಯ ವಿಮೆಯಲ್ಲಿ ಟ್ಯಾಂಕಿನ ಸೋರಿಕೆಗೆ ರಕ್ಷಣೆಯಿಲ್ಲ ಎಂಬುದನ್ನೂ ಆಗಲೇ ಓದಿಕೊಂಡೆ.

ಟೌನ್‌ಶಿಪ್ ಎಂಬ ಸ್ಥಳೀಯಾಡಳಿತದ ಪರ್ಮಿಟ್ ಅವರೇ ತಂದರು. ಅಗೆಯುವ ಮುನ್ನ ನೆಲದಡಿಯ ಕೊಳವೆಗಳನ್ನು ಗುರುತು ಮಾಡಿಸುವ 811 ಸಂಖ್ಯೆಗೆ ಮೊದಲೇ ಕರೆ ಮಾಡಿದ್ದರಿಂದ ಹುಲ್ಲಿನ ಮೇಲೆ ಗ್ಯಾಸಿಗೆ ಹಳದಿ, ನೀರಿಗೆ ನೀಲಿ ಗೆರೆಗಳು ಬಿದ್ದಿದ್ದವು. ಹಳದಿ ಗೆರೆ ಹೂಪಾತಿಗೆ ಎರಡೇ ಅಡಿ ದೂರದಲ್ಲಿದ್ದುದರಿಂದ ಆ ಬದಿಯನ್ನು ಗುದ್ದಲಿಯಿಂದಲೇ ಅಗೆದರು.

ಟ್ಯಾಂಕ್ 550 ಗ್ಯಾಲನ್‌ನದು, ಅಂದರೆ ಸುಮಾರು 2,080 ಲೀಟರ್. ಒಳಗಿನ ಆವಿಯನ್ನು ಹೊರಹಾಕಿ, ಮೇಲ್ಭಾಗ ಕತ್ತರಿಸಿ, ಎಣ್ಣೆ ಹೀರಿ, ತಳದ ಗಸಿಯನ್ನು ಒರೆಸಿ ತೆಗೆದ ಬಳಿಕ ಅದನ್ನು ಮೇಲಕ್ಕೆತ್ತಿದರು. ತುಕ್ಕನ್ನು ಕೆರೆದಾಗ ತಳದಲ್ಲಿ ಸಾಸಿವೆ ಗಾತ್ರದ ಮೂರು ತೂತುಗಳು ಕಂಡವು. ಟೌನ್‌ಶಿಪ್ ಇನ್‌ಸ್ಪೆಕ್ಟರ್ ನೋಡುವ ತನಕ ಹಳ್ಳ ಮುಚ್ಚಲಿಲ್ಲ. ಸೋರಿಕೆಯನ್ನು ರಾಜ್ಯದ ಇಲಾಖೆಗೆ ತಿಳಿಸಲೇಬೇಕಾದ್ದರಿಂದ ಅಂದೇ ಫೋನ್ ಮಾಡಿ ಪ್ರಕರಣದ ಸಂಖ್ಯೆ ಪಡೆದೆವು. ಕಪ್ಪಾದ ಮಣ್ಣನ್ನು ತೆಗೆಯಲು ಬೇರೆ ಸಂಸ್ಥೆಯಿಂದಲೂ ದರ ಕೇಳುವ ಸ್ವಾತಂತ್ರ್ಯ ಉಳಿದದ್ದು ಎರಡನೆಯವರ ಷರತ್ತಿಲ್ಲದ ಈ ಕರಾರಿನಿಂದ.

ಮುಂದಿನ ಕ್ರಮ ಬೇಕಿಲ್ಲ ಎಂಬ ಇಲಾಖೆಯ ಪತ್ರ ಬರಲು ತಿಂಗಳುಗಳೇ ಹಿಡಿದವು. ಅದರೊಂದಿಗೆ ಗುಜರಿಯ ರಸೀದಿ, ಎಣ್ಣೆ ಸಾಗಿಸಿದ ದಾಖಲೆ, ಪ್ರಯೋಗಾಲಯದ ವರದಿಗಳನ್ನು ಒಂದೇ ಕಡತದಲ್ಲಿ ಇಟ್ಟಿದ್ದೇನೆ. ಮನೆ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಇವನ್ನೇ. ಕರಾರಿನಲ್ಲಿ ಬರೆಸಲು ಮರೆತದ್ದು ಒಂದೇ: ಮಳೆ ಬಿದ್ದ ನಂತರ ಹೂಪಾತಿ ಅರ್ಧ ಅಡಿ ಕುಸಿಯಿತು, ಆ ಮಣ್ಣನ್ನು ನಾನೇ ಹೊತ್ತು ತುಂಬಿದೆ.