ದಿನದ ಮನೆಗೆಲಸದಲ್ಲಿ ಮಗುವಿಗೂ ಒಂದು ಪಾಲು

ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮಗುವನ್ನು ಅಂಗಳಕ್ಕೆ ಬಿಡುವುದೇ ಕಷ್ಟ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ದೊಡ್ಡವರಿಗೆ ಪುರುಸೊತ್ತಿಲ್ಲ. ಹೀಗಿರುವಾಗ ‘ದಿನಾ ಅರ್ಧ ಗಂಟೆ ಕೂರಿಸಿಕೊಂಡು ಕಲಿಸಿ’ ಎನ್ನುವ ಸಲಹೆ ಒಂದು ವಾರ ನಡೆದರೆ ಹೆಚ್ಚು. ಬಾಳಿಕೆ ಬರುವ ದಾರಿ ಬೇರೆ ಇದೆ. ಸ್ನಾನ, ಅಡುಗೆ, ಬಟ್ಟೆ, ನಿದ್ದೆ ಹೇಗೂ ಆಗಲೇಬೇಕು. ಅವುಗಳಲ್ಲೇ ಮಗುವಿಗೆ ಒಂದು ನಿಜವಾದ ಪಾಲು ಕೊಡಿ, ಕೊಟ್ಟ ಮೇಲೆ ಕಾಯಿರಿ.

ಕಾಯುವುದೇ ಎಲ್ಲಕ್ಕಿಂತ ಕಷ್ಟ. ಏನಾದರೂ ಕೇಳಿದ ಮೇಲೆ ಸುಮ್ಮನಾಗಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಕೇಳಿಸಿಕೊಂಡದ್ದನ್ನು ಅರ್ಥಮಾಡಿಕೊಂಡು, ಪದ ಹುಡುಕಿ, ನಾಲಿಗೆಗೆ ತರಲು ಎರಡು ವರ್ಷದ ಮಗುವಿಗೆ ಅಷ್ಟು ಹೊತ್ತು ಬೇಕು. ‘ಹಾಲು ಬೇಕಾ? ಬೇಡ್ವಾ? ನೀರು ಕೊಡ್ಲಾ?’ ಎಂದು ಒಂದರ ಮೇಲೊಂದು ಕೇಳಿದರೆ ಮಗು ಪ್ರತಿ ಸಲವೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕ್ರಮೇಣ ಉತ್ತರ ಕೊಡುವುದನ್ನೇ ಬಿಡುತ್ತದೆ. ಮಾತು ಬಾರದ ಎಂಟು ತಿಂಗಳ ಕೂಸಿಗೂ ಇದೇ ಲೆಕ್ಕ. ಅದು ಕಣ್ಣರಳಿಸಿದರೆ, ಕೈ ಚಾಚಿದರೆ, ‘ಆ’ ಎಂದರೆ ಅದೇ ಉತ್ತರ. ‘ಓ, ಬೆಕ್ಕು ಬಂತಾ!’ ಎಂದು ಅದಕ್ಕೆ ಮಾತು ಸೇರಿಸಿ ತಿರುಗಿ ಕೊಡಿ.

ಬಚ್ಚಲಲ್ಲಿ

ಹಂಡೆಯ ನೀರು ಬೆರೆಸುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿನೀರನ್ನು ಮೊದಲು ಹಾಕಿ ತಣ್ಣೀರಿಗೆ ತಿರುಗುವಷ್ಟರಲ್ಲಿ ಮಗು ಕೈ ಅದ್ದಿರುತ್ತದೆ. ಮೈಯಷ್ಟೇ ಬೆಚ್ಚಗೆ, ಸುಮಾರು 37 ಡಿಗ್ರಿ ಇದ್ದರೆ ಸಾಕು. ಮೊಣಕೈ ಅದ್ದಿ ನೋಡಿ. ‘ಈಗ ಬೆನ್ನು, ಈಗ ಎಡಗಾಲು’ ಎಂದು ದಿನವೂ ಒಂದೇ ಕ್ರಮದಲ್ಲಿ ಹೇಳುತ್ತಾ ತೊಳೆಯಿರಿ. ಎರಡು ವಾರ ಕಳೆದ ಮೇಲೆ ‘ಈಗ...’ ಎಂದು ನಿಲ್ಲಿಸಿದರೆ ಮಗು ಆ ಕಾಲನ್ನೇ ಮುಂದೆ ಚಾಚಬಹುದು. ಕೈಗೊಂದು ಸಣ್ಣ ಚೊಂಬು ಕೊಡಿ, ತುಂಬಿಸಲಿ, ಸುರಿಯಲಿ. ಬಾಗಿಲು ಬಡಿದರೂ ಫೋನ್ ಬಂದರೂ ಮಗುವನ್ನು ಒಂಟಿಯಾಗಿ ಬಿಡಬೇಡಿ. ಬಕೆಟ್ಟಿನಲ್ಲಿ ಎರಡು ಇಂಚು ನೀರಿದ್ದರೂ ಅಪಾಯ.

ಕಡಂಬುಟ್ಟು ಕಟ್ಟುವಾಗ

ಕಡಂಬುಟ್ಟು ಎಂದರೆ ಬೆಂದ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ಕೊಡಗಿನ ತಿನಿಸು. ಚಿಕ್ಕ ಕೈಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನಮ್ಮ ಅಡುಗೆಮನೆಯಲ್ಲಿಲ್ಲ. ಒಂದು ಲೋಟ ಅಕ್ಕಿ ತರಿಗೆ ಎರಡೂವರೆ ಲೋಟ ನೀರು, ರುಚಿಗೆ ಉಪ್ಪು. ಒಲೆ ಹಚ್ಚುವ ಮೊದಲೇ ತರಿ ಮತ್ತು ತಣ್ಣೀರನ್ನು ಮಗುವಿನಿಂದಲೇ ಅಳೆಯಿಸಿ. ನೀರು ಕುದಿಸಿ, ತರಿ ಹಾಕಿ, ಗಂಟಾಗದಂತೆ ತಿರುವಿ, ಸಣ್ಣ ಉರಿಯಲ್ಲಿ ನೀರು ಹಿಂಗಿಸುವುದು ದೊಡ್ಡವರ ಪಾಲು. ಆಗ ಮಗು ಒಲೆಯಿಂದ ಮೂರು ಅಡಿ ದೂರ ಇರಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ‘ಹತ್ತಿರ ಬರಬೇಡ’ ಎಂದು ಇಪ್ಪತ್ತು ಸಲ ಹೇಳುವುದು ತಪ್ಪುತ್ತದೆ. ಗೆರೆ ಇದೆ ಎಂದು ಕಣ್ಣು ಮಾತ್ರ ತೆಗೆಯಬೇಡಿ.

ಬೆಂದ ಹಿಟ್ಟು ಹೊರಗೆ ಆರಿದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ಒಂದು ತುಂಡು ಮುರಿದು ಒಳಭಾಗವನ್ನು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಆಮೇಲೆ ಮಗುವಿಗೆ ಕೊಡಿ. ನಿಮಗೆ ನಿಂಬೆ ಗಾತ್ರದ ಉಂಡೆ, ಅದಕ್ಕೆ ನೆಲ್ಲಿಕಾಯಿ ಗಾತ್ರದ್ದು; ಅಂಗೈ ಅಷ್ಟೇ ಇರುವುದು. ಪಕ್ಕದಲ್ಲಿ ಬಟ್ಟಲು ನೀರಿರಲಿ. ಕೈ ಒಣಗಿದರೆ ಹಿಟ್ಟು ಅಂಟುತ್ತದೆ, ಅಂಟಿದರೆ ಮಗು ರೇಗುತ್ತದೆ, ಅಲ್ಲಿಗೆ ಆಟ ಮುಗಿಯುತ್ತದೆ.

ಈಗ ಆ ಕೈಗಳನ್ನೇ ನೋಡಿ. ಒಂದೂವರೆ ವರ್ಷದ ಮಗು ಹಿಟ್ಟಿಗೆ ಬೆರಳು ಚುಚ್ಚುತ್ತದೆ, ತಟ್ಟಿ ಚಪ್ಪಟೆ ಮಾಡುತ್ತದೆ. ಎರಡೂವರೆ, ಮೂರರ ಹೊತ್ತಿಗೆ ಅಂಗೈಗಳನ್ನು ಹಿಂದೆ ಮುಂದೆ ಉಜ್ಜುತ್ತದೆ. ಆಗ ಬರುವುದು ಉಂಡೆಯಲ್ಲ, ಹಾವು. ಆ ವಯಸ್ಸಿಗೆ ಹಾವೇ ಸರಿ. ಎಡ ಅಂಗೈ ತೊಟ್ಟಿಲಿನಂತೆ ನಿಂತು, ಬಲ ಅಂಗೈ ಅದರ ಮೇಲೆ ವೃತ್ತ ಹಾಕಿದರೆ ಮಾತ್ರ ಉಂಡೆ ದುಂಡಗಾಗುತ್ತದೆ. ಎರಡು ಕೈಗೂ ಬೇರೆ ಬೇರೆ ಕೆಲಸ, ಎರಡೂ ಒಟ್ಟಿಗೆ. ಇದು ಕೂಡಿಬರುವುದು ನಾಲ್ಕರ ಆಸುಪಾಸಿನಲ್ಲಿ. ಮುಂದೆ ಒಂದು ಕೈಯಲ್ಲಿ ಹಾಳೆ ಹಿಡಿದು ಇನ್ನೊಂದರಲ್ಲಿ ಬರೆಯುವುದಕ್ಕೂ ಇದೇ ಹೊಂದಾಣಿಕೆ ಬೇಕು.

ಇಲ್ಲಿ ದೊಡ್ಡವರು ಮಾಡುವ ತಪ್ಪು ಒಂದೇ: ಮಗು ಕಟ್ಟಿದ ಸೊಟ್ಟ ಉಂಡೆಯನ್ನು ಅದರ ಎದುರೇ ಮತ್ತೆ ಉರುಟು ಮಾಡುವುದು. ‘ನೀನು ಮಾಡಿದ್ದು ಲೆಕ್ಕಕ್ಕಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರುವುದಿಲ್ಲ. ಸೊಟ್ಟಗಿದ್ದದ್ದು ಸೊಟ್ಟಗೇ ಹಬೆಯಲ್ಲಿ ಬೇಯಲಿ, ಅದರ ತಟ್ಟೆಗೇ ಬೀಳಲಿ.

ಬಡಿಸುವ ಹೊತ್ತೇ ಲೆಕ್ಕದ ಪಾಠ. ಒಂದರಿಂದ ಹತ್ತರವರೆಗೆ ಬಾಯಿಪಾಠ ಒಪ್ಪಿಸುವ ಮೂರು ವರ್ಷದ ಮಗುವಿಗೆ ‘ಮೂರು ಕೊಡು’ ಎನ್ನಿ. ಕೈಗೆ ಸಿಕ್ಕಷ್ಟು ಕೊಟ್ಟರೆ ಆಶ್ಚರ್ಯವಿಲ್ಲ. ಎಣಿಕೆಯ ಹಾಡು ಬೇರೆ, ಎಣಿಕೆ ಬೇರೆ. ‘ಅಜ್ಜಂಗೆ ಒಂದು’ ಎಂದು ಶುರು ಮಾಡಿ. ಒಂದು ತಪ್ಪದೆ ಬಂದ ಮೇಲೆ ‘ಅಪ್ಪಂಗೆ ಎರಡು’. ಎರಡರಿಂದ ಮೂರಕ್ಕೆ ಹೋಗಲು ತಿಂಗಳುಗಳೇ ಹಿಡಿಯಬಹುದು, ಅವಸರ ಬೇಡ. ತಿನ್ನಿಸುವಾಗ ಸಾರಿನಲ್ಲಿ ಚೆನ್ನಾಗಿ ಪುಡಿಮಾಡಿ ಕೊಡಿ. ಅಂಟು ಉಂಡೆ ಇಡಿಯಾಗಿ ಬೇಡ. ಇಡೀ ಕಡಲೆಕಾಯಿ ಬೀಜ, ಹಲಸಿನ ಬೀಜದ ತುಂಡುಗಳು ಐದು ವರ್ಷದವರೆಗೂ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಸ್ವೆಟರ್, ಬೂಟು, ಒಣಗದ ಬಟ್ಟೆ

ಉಡುಪು ಹಾಕುವುದನ್ನು ಕೊನೆಯಿಂದ ಹಿಂದಕ್ಕೆ ಕಲಿಸಿ. ತಲೆ ತೂರಿಸಿ, ಎರಡೂ ತೋಳು ಹಾಕಿ, ಸ್ವೆಟರನ್ನು ಹೊಟ್ಟೆಯ ಮೇಲಿನಿಂದ ಕೆಳಗೆಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಸಲೀಸಾದ ಮೇಲೆ ಎರಡನೇ ತೋಳನ್ನೂ ಅದೇ ಹಾಕಿಕೊಳ್ಳಲಿ, ಆಮೇಲೆ ಮೊದಲನೆಯದು, ಕೊನೆಗೆ ತಲೆ. ಮೊದಲಿನಿಂದ ಕಲಿಸಿದರೆ ಮಗು ಶುರು ಮಾಡುತ್ತದೆ, ಮುಗಿಸುವವರು ನೀವು. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಮುಗಿಸಿದ್ದು ಮಗುವೇ. ಗಂಬೂಟಿಗೂ ಇದೇ ಕ್ರಮ. ತೋಟದಿಂದ ಬಂದು ಬೂಟು ಬಿಚ್ಚಿದಾಗ ಬೆರಳ ಸಂದಿಯಲ್ಲಿ ಜಿಗಣೆ ಹುಡುಕುವ ಕೆಲಸವನ್ನೂ ಅದಕ್ಕೇ ಕೊಡಿ, ನೀವೂ ಒಮ್ಮೆ ನೋಡಿ.

ಮಳೆಗಾಲದಲ್ಲಿ ಮನೆಯೊಳಗೆ ನೇತಾಡುವ ಕಾಲುಚೀಲಗಳ ಜೋಡಿ ಹುಡುಕುವುದು ಎರಡೂವರೆಯಿಂದ ಮೂರು ವರ್ಷದವರ ಕೆಲಸ.

ಎಷ್ಟು ಇಂಚು ಮಳೆ?

ತೋಟದ ಮನೆಗಳಲ್ಲಿ ಬೆಳಗಾದರೆ ಮಳೆ ಎಷ್ಟು ಇಂಚು ಎಂಬ ಮಾತು ಇದ್ದದ್ದೇ. ಅದರಲ್ಲಿ ಮಗುವಿಗೂ ಪಾಲಿರಲಿ. ಬಾಯಿ, ತಳ ಒಂದೇ ಅಗಲ ಇರುವ, ಪಾರದರ್ಶಕವಾದ ಎತ್ತರದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು ತೆರೆದ ಜಾಗದಲ್ಲಿಡಿ. ಸೂರಿನ ಕೆಳಗೆ ಅಥವಾ ಮರದಡಿ ಇಟ್ಟರೆ ಅಳತೆ ಕೆಡುತ್ತದೆ. ಗಾಳಿಗೆ ಉರುಳದಂತೆ ಸುತ್ತ ಕಲ್ಲು ಒತ್ತಿಡಿ. ಡಬ್ಬದ ಬದಿ ನೇರವಾಗಿದ್ದರೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಬಾಯಿ ಎಷ್ಟೇ ಅಗಲವಿರಲಿ. ಮೂರು ವರ್ಷದವರಿಗೆ ‘ನಿನ್ನೆಗಿಂತ ಜಾಸ್ತಿಯಾ, ಕಮ್ಮಿಯಾ?’ ಎಂಬ ಪ್ರಶ್ನೆ ಸಾಕು. ನಾಲ್ಕು ದಾಟಿದವರು ಅಷ್ಟೇ ಉದ್ದದ ಗೆರೆಯನ್ನು ಕ್ಯಾಲೆಂಡರಿನಲ್ಲಿ ಎಳೆಯಲಿ. ನೋಡಿದ ಕೂಡಲೇ ನೀರು ಚೆಲ್ಲಿ, ಸೊಳ್ಳೆ ಮೊಟ್ಟೆ ಇಡುತ್ತದೆ.

ಹೊರಗೆ ಬಿಡಲಾಗದ ದಿನವೂ ಮೈಗೆ ಕೆಲಸ ಬೇಕು. ಒಂದರಿಂದ ನಾಲ್ಕು ವರ್ಷದವರು ದಿನಕ್ಕೆ ಒಟ್ಟು ಮೂರು ಗಂಟೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಉಸಿರಿಗೆ ಅಲ್ಲ, ಬಿಡಿಬಿಡಿಯಾಗಿ. ಜಗಲಿಯ ಈ ತುದಿಯಿಂದ ಆ ತುದಿಗೆ ತೆಂಗಿನಕಾಯಿ ಉರುಳಿಸಿಕೊಂಡು ಹೋಗಲಿ, ದಿಂಬುಗಳನ್ನು ಹೊತ್ತು ತರಲಿ. ಮಳೆಯಲ್ಲಿ ಮಕ್ಕಳನ್ನು ಸುಮ್ಮನಿರಿಸಲು ಫೋನ್ ಕೊಡುವುದು ಸುಲಭ, ನಿಜ. ಅದೇ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗೆ ಪರದೆ ಬೇಡ, ಆಮೇಲೆ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿಲ್ಲ.

ಯಾವ ಭಾಷೆಯಲ್ಲಿ ಮಾತಾಡಬೇಕು?

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ ಯಾವುದೇ ಇರಲಿ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ. ಶಾಲೆಗೆ ಕಷ್ಟವಾಗಬಹುದೆಂದು ಅರೆಬರೆ ಇಂಗ್ಲಿಷಿಗೆ ತಿರುಗಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಎರಡು ಮೂರು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಎಂಬುದು ಸರಿಯಲ್ಲ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಕೂಡಿಸಿ: ಅಜ್ಜಿಯ ಬಳಿ ‘ಕೂಳ್’, ಅಂಗನವಾಡಿಯಲ್ಲಿ ‘ಅನ್ನ’ ಎಂದರೆ ಅವು ಎರಡು ಪದ.

ರಾತ್ರಿ

ಮೂರು, ನಾಲ್ಕರ ಮಕ್ಕಳಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ದೀಪ ಆರಿಸಿದ ಮೇಲೆ ದಿನದ ಮೂರು ಸಂಗತಿ ನೆನಪಿಸಿ: ‘ಬೆಳಿಗ್ಗೆ ಏನು ನೋಡಿದ್ವಿ? ಆಮೇಲೆ?’ ಮಗು ತಪ್ಪು ಕ್ರಮದಲ್ಲಿ ಹೇಳಿದರೆ ತಿದ್ದಬೇಡಿ, ನೀವು ಸರಿಯಾದ ಕ್ರಮದಲ್ಲಿ ಒಮ್ಮೆ ಹೇಳಿ.

ಯಾವಾಗ ತೋರಿಸಬೇಕು?

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷಿಸಲು ಕೇಳಿ. ಬಂದಿದ್ದ ಮಾತು ಅಥವಾ ಆಟ ನಿಂತುಹೋದರೆ ಯಾವ ವಯಸ್ಸಿನಲ್ಲೂ ತಡಮಾಡಬೇಡಿ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ವರ್ಷ ಕಾಯುವುದು ಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಯಾವ ದಿನ ಎಂದು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮಗು ಬಾಯಿಬಿಡದೆ ಇರಬಹುದು. ಹೋಗುವ ಮುಂಚೆ ಮನೆಯಲ್ಲಿ ಅದು ಉಂಡೆ ಕಟ್ಟುತ್ತಿರುವಾಗಿನ ಎರಡು ನಿಮಿಷದ ವಿಡಿಯೊ ತೆಗೆದು, ತಾಯಿ ಕಾರ್ಡಿನ ಜೊತೆ ಒಯ್ಯಿರಿ.