ಡಿಕ್ಕಿಯ ಪೆಟ್ಟಿಗೆಗಿಂತ ಮೊದಲು ತೂಕದ ಲೆಕ್ಕ

ನಮ್ಮ ಗಾಡಿ ಮಾರುತಿಯ ಐದು ಬಾಗಿಲಿನ ಜಿಮ್ನಿ. ಅದರ ಹಿಂದಿನ ಸೀಟು ಮಡಿಸದೆ ಇದ್ದರೆ ಡಿಕ್ಕಿಯಲ್ಲಿ ಸಿಗುವ ಜಾಗ 208 ಲೀಟರ್. ನಾವು ಹೊರಟರೆ ಟೆಂಟು, ಒಲೆ, ನೀರಿನ ಕ್ಯಾನು, ಗಾಳಿ ಪಂಪು, ಸಿಕ್ಕಿಕೊಂಡ ಗಾಡಿ ಎಳೆಯುವ ಬೆಲ್ಟು, ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ ಎಲ್ಲ ಜೊತೆಗೇ ಬರಬೇಕು. ಧಾರವಾಡದಿಂದ ಹಳಿಯಾಳ, ದಾಂಡೇಲಿ ದಾಟಿ ಜೋಯಿಡಾದ ಕಾಡುದಾರಿ ಹಿಡಿದ ಮೇಲೆ ಮರೆತು ಬಂದದ್ದನ್ನು ಕೊಳ್ಳಲು ಅಂಗಡಿ ಸಿಗುವುದು ಕಷ್ಟ. ಹಾಗಾಗಿ ಡಿಕ್ಕಿಗೆ ಒಂದು ಪೆಟ್ಟಿಗೆ ಕೂರಿಸೋಣ ಅಂತ ನಿರ್ಧರಿಸಿದೆ.

ಟೇಪು ಹಿಡಿಯುವ ಮುಂಚೆ ಪೆನ್ನು ಹಿಡಿದು ಕೂತೆ. ಗಾಡಿಯ ಸ್ವಂತ ತೂಕ ಸುಮಾರು 1,200 ಕಿಲೋ. ಜನ, ಸಾಮಾನು ಎಲ್ಲ ಸೇರಿ ಕಂಪನಿ ಒಪ್ಪುವ ಒಟ್ಟು ತೂಕ 1,545 ಕಿಲೋ. ನಡುವೆ ಉಳಿಯುವುದು 345ರ ಆಸುಪಾಸು. ತಲಾ 70 ಕಿಲೋದ ನಾಲ್ವರು ಕೂತರೆ ಸಾಮಾನಿಗೆ ಮಿಗುವುದು ಬರೀ 65. ನಾವು ಮೂವರೇ ಇರುವುದರಿಂದ 135ರವರೆಗೆ ಹೋಗಬಹುದು. ಪೆಟ್ಟಿಗೆಯೇ 40 ಕಿಲೋ ಆಯಿತೆಂದರೆ ಆ ಪಾಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಟ್ಟಿಗೆಗೇ ಹೋಯಿತು. ಗಾಡಿ ಯಾವುದೇ ಇರಲಿ, ಈ ಕಳೆಯುವ ಲೆಕ್ಕವನ್ನು ಮೊದಲು ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಎರಡನೆಯದು ಸಾಮಾನು ಹಾರಿ ಬರುವ ಭಯ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಏನಕ್ಕಾದರೂ ಗುದ್ದಿ ನಿಂತರೆ ಒಳಗಿನ ಸಡಿಲ ವಸ್ತು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಹತ್ತು ಮೀಟರ್ ಎತ್ತರದಿಂದ ಬಿದ್ದ ವಸ್ತುವಿಗೆ ಇರುವಷ್ಟೇ ಹೊಡೆತ ಅದಕ್ಕಿರುತ್ತದೆ. 80ರ ವೇಗದಲ್ಲಿ ಅದು 25 ಮೀಟರ್. ಹಿಂದಿನ ಸೀಟಿನಲ್ಲಿ ಮಗ ಕೂತಿರುತ್ತಾನೆ, ಅವನ ತಲೆಯ ಹಿಂದೆ ಕಬ್ಬಿಣದ ಜ್ಯಾಕು ಇರುತ್ತದೆ. ಇದು ತಲೆಗೆ ಹೊಕ್ಕ ಮೇಲೆ ಜಾಗ ಹೆಚ್ಚಿಸುವುದು ನನಗೆ ಎರಡನೇ ಮಾತಾಯಿತು, ಬಿಗಿಯಾಗಿ ಕಟ್ಟುವುದು ಮೊದಲನೆಯದು.

ಮೇಲೆ ಕ್ಯಾರಿಯರ್ ಹಾಕಿಸಿಬಿಡು ಎಂದು ಗೆಳೆಯರು ಹೇಳಿದರು. ನನಗೆ ಮನಸ್ಸಾಗಲಿಲ್ಲ. ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ಗಾಡಿಯ ನೆತ್ತಿ ಮೇಲೆ ಭಾರ ಹೇರಿ ಅರಬೈಲು ಘಾಟಿನ ತಿರುವು ಇಳಿಯುವುದು ನನಗೆ ಬೇಡ. ಗಾಳಿಯ ತಡೆಗೆ ಪೆಟ್ರೋಲೂ ಜಾಸ್ತಿ ಸುಡುತ್ತದೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ: ನೋಂದಣಿ ಪತ್ರದಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು ಎಂಬುದು ನಾನು ಹಾಕಿಕೊಂಡ ಕಟ್ಟು.

ಕೆಲಸ ನಡೆದದ್ದು ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ. ನಮ್ಮ ಮನೆಯ ಬಾಗಿಲು-ಕಿಟಕಿ ಮಾಡಿದ ಬಡಿಗೇರ ಕಾಕಾನೇ ಬಂದರು. "ಸರ್, 18 ಎಂಎಂ ಹಾಕೂನ್ರಿ, ಆನಿ ನಿಂತ್ರೂ ಏನೂ ಆಗೂದಿಲ್ಲ" ಅಂದರು. "ಕಾಕಾರ, ಇದರ ಮ್ಯಾಲೆ ಆನಿ ನಿಲ್ಲೂದಿಲ್ರಿ, ಇದು ಹಗುರ ಇರಬೇಕು" ಅಂದೆ. 18 ಎಂಎಂ ಪ್ಲೈವುಡ್ಡಿನ ಎಂಟು-ನಾಲ್ಕು ಅಡಿಯ ಪೂರಾ ಹಾಳೆ 35 ಕಿಲೋದ ಹತ್ತಿರ ತೂಗುತ್ತದೆ, 12 ಎಂಎಂ ಹಾಳೆ 23ರ ಸುಮಾರು. ನೀರಿಗೆ ತಡೆಯುವ 12 ಎಂಎಂ ಪ್ಲೈ ತಂದೆವು. ಮೂಲೆಗಳಿಗೆಲ್ಲ ಅಲ್ಯೂಮಿನಿಯಂ ಆ್ಯಂಗಲ್ ಕೊಟ್ಟು, ಫೆವಿಕಾಲ್ ಹಚ್ಚಿ ಸ್ಕ್ರೂ ಬಿಗಿದೆವು. ಮುಗಿದ ಮೇಲೆ ಕಾಕಾ ತಾವೇ ಅದರ ಮೇಲೆ ನಿಂತು ನೋಡಿ ಒಪ್ಪಿದರು.

ಪೂರ್ತಿ ಡ್ರಾವರ್ ಮಾಡಿಸಲಿಲ್ಲ. ಭಾರ ಹೊರುವ ಉದ್ದನೆಯ ಚಾನೆಲ್ಲುಗಳೇ ಸಾಕಷ್ಟು ತೂಗುತ್ತವೆ, ನಮ್ಮ ನವಲಗುಂದ, ರೋಣದ ಎರೆಮಣ್ಣಿನ ದೂಳು ಹೊಕ್ಕರೆ ಸರಾಗವಾಗಿ ಸರಿಯುವುದೂ ಇಲ್ಲ. ಮೇಲಿಂದ ಮುಚ್ಚಳ ತೆಗೆಯುವ ಎರಡು ಖಾನೆ, ಬಾಗಿಲ ಕಡೆಗೆ ಒಲೆಗಾಗಿ ಒಂದೇ ಗಿಡ್ಡ ಡ್ರಾವರ್. ಜಿಮ್ನಿಯ ಹಿಂಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಡ್ರಾವರ್ ಎಳೆಯಲು ಏನೂ ಅಡ್ಡ ಬರುವುದಿಲ್ಲ. ಡ್ರಾವರಿಗೂ ಮುಚ್ಚಳಗಳಿಗೂ ಚಿಲಕ ಬೇಕೇ ಬೇಕು.

ಬಿಗಿಯುವ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ಗಾಡಿಯ ನೆಲಕ್ಕೆ ಹೊಸ ತೂತು ಒಂದೂ ಕೊರೆಸಲಿಲ್ಲ. ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕಿನ ಪೈಪು, ವೈರು ಇರುತ್ತವೆ. ಕೊರೆದ ಜಾಗಕ್ಕೆ ತುಕ್ಕೂ ಹಿಡಿಯುತ್ತದೆ. ಸಾಮಾನು ಕಟ್ಟಲೆಂದು ಕಂಪನಿ ಬಿಟ್ಟಿರುವ ಜಾಗಗಳಿಗೇ ಪೆಟ್ಟಿಗೆ ಕೂರಿಸಿದೆ. ಸೀಟ್ ಬೆಲ್ಟಿನ ಬೋಲ್ಟುಗಳನ್ನು ಮಾತ್ರ ಯಾರೂ ಮುಟ್ಟಬಾರದು. ಲೆಕ್ಕ ಹೀಗಿದೆ: ಪೆಟ್ಟಿಗೆ, ಸಾಮಾನು ಸೇರಿ 60 ಕಿಲೋ ಇದ್ದರೆ, ಜೋರಾಗಿ ಗುದ್ದಿದಾಗ ಅದರ ಎಳೆತ ಇಪ್ಪತ್ತು ಪಟ್ಟು, ಅಂದರೆ 1,200 ಕಿಲೋ ಆಗಬಹುದು. ಎಂಟು ಎಂಎಂ ದಪ್ಪದ, 8.8 ಗ್ರೇಡ್ ಎಂಬ ಗಟ್ಟಿ ಉಕ್ಕಿನ ಬೋಲ್ಟು ನೇರ ಎಳೆತದಲ್ಲಿ ಸುಮಾರು ಮೂರು ಟನ್ನಿನವರೆಗೆ ತುಂಡಾಗುವುದಿಲ್ಲ. ಅದಕ್ಕೂ ಎಷ್ಟೋ ಮೊದಲು ಬೋಲ್ಟಿನ ತಲೆ ಪ್ಲೈಯನ್ನು ಹರಿದು ಹೊರಬರುತ್ತದೆ. ಅದಕ್ಕೇ ಪೆಟ್ಟಿಗೆಯ ತಳದ ಒಳಗೆ ಅಡ್ಡಲಾಗಿ ಕಬ್ಬಿಣದ ಎರಡು ಪಟ್ಟಿ ಹಾಕಿ, ಅವುಗಳ ಮೂಲಕ ಬೋಲ್ಟು ಬಿಗಿದೆವು. ಮೇಲಿಂದ ಹಿಡಿಕೆ ಆಡಿಸಿ ಬಿಗಿಯುವ ರ್ಯಾಚೆಟ್ ಬೆಲ್ಟು ಬೇರೆ. ಸೀಟಿನ ಹಿಂದೆ ಬಲೆಯನ್ನೂ ಕಟ್ಟಿದ್ದೇನೆ, ಆದರೆ ಅದು ಹಾಸಿಗೆ, ಜಾಕೆಟ್ಟಿನಂಥ ಹಗುರ ಸಾಮಾನಿಗಷ್ಟೇ. ಗುದ್ದಿದಾಗ ಕಿಟಕಿಯ ಮೇಲ್ಭಾಗದಿಂದ ಕರ್ಟನ್ ಏರ್‌ಬ್ಯಾಗ್ ಪರದೆಯ ಹಾಗೆ ಉಬ್ಬಿ ಇಳಿಯುವುದರಿಂದ ಅಲ್ಲಿ ಜಾಲರಿ, ಕೊಕ್ಕೆ ಏನೂ ಹಾಕಲಿಲ್ಲ.

ತುಂಬುವಾಗ 20 ಲೀಟರಿನ ನೀರಿನ ಕ್ಯಾನು, ಅಂದರೆ 20 ಕಿಲೋ, ತಳದಲ್ಲಿ ಸೀಟಿನ ಬೆನ್ನಿಗೆ ತಾಗಿ ಕೂರುತ್ತದೆ. ಭಾರ ತಗ್ಗಿನಲ್ಲಿ, ಎರಡೂ ಗಾಲಿಸಾಲಿನ ನಡುವೆ ಇದ್ದಷ್ಟೂ ಗಾಡಿ ತೊನೆಯುವುದು ಕಡಿಮೆ. ಪಾತ್ರೆಗಳ ಸಂದಿಗೆ ನನ್ನಾಕೆ ಹಳೆಯ ಕೌದಿಯ ತುಂಡುಗಳನ್ನು ಹೊಲಿದು ಕೊಟ್ಟಿದ್ದಾಳೆ, ಕಟಕಟ ಸದ್ದು ಪೂರಾ ನಿಂತಿದೆ. ಗ್ಯಾಸಿನ ಸಣ್ಣ ಸಿಲಿಂಡರನ್ನು ಮುಚ್ಚಿದ ಖಾನೆಯಲ್ಲಿ ಇಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಪೆಟ್ಟಿಗೆಯ ತಳದಲ್ಲೇ ನಿಲ್ಲುತ್ತದೆ. ನಮ್ಮ ಒಲೆ ಸ್ಪಿರಿಟ್ಟಿನದು. ಕ್ಯಾನಿನಲ್ಲಿ ಪೆಟ್ರೋಲನ್ನೂ ಒಯ್ಯುವುದಿಲ್ಲ. ಬೆಂಕಿ ಆರಿಸುವ ಡಬ್ಬಿ, ಔಷಧಿ ಚೀಲ ಪೆಟ್ಟಿಗೆಯ ಹೊರಗೆ, ಕೂತಲ್ಲಿಂದ ಕೈಗೆ ಎಟುಕುವಲ್ಲಿ ಇವೆ.

ಎಲ್ಲ ತುಂಬಿ, ಟ್ಯಾಂಕು ಭರ್ತಿ ಮಾಡಿಸಿ, ಮೂವರೂ ಕೂತು ಅಮರಗೋಳದ ಎಪಿಎಂಸಿ ಕಡೆ ಹೋಗಿ ಗಾಡಿ ತೂಗುವ ವೇಬ್ರಿಜ್ ಹತ್ತಿಸಿದೆವು. ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಎರಡು ಗಾಲಿ ಮಾತ್ರ. ಒಟ್ಟು ತೂಕ ಮಿತಿಯೊಳಗೇ ಬಂತು. ಖರ್ಚು ಒಂದು ಚೀಟಿಯದು, ಆದರೂ ಈ ಕೆಲಸ ಮಾಡುವವರು ಬಹಳ ಕಡಿಮೆ. ಚೀಟಿ ನೋಡಿಕೊಂಡು ಹಿಂದಿನ ಟೈರುಗಳಿಗೆ ಪೂರ್ಣ ಭಾರಕ್ಕೆ ಕಂಪನಿ ಹೇಳಿದಷ್ಟು ಗಾಳಿ ಹಾಕಿಸಿದೆ, ಹಿಂಭಾರಕ್ಕೆ ಮೂಗೆತ್ತಿದ ಹೆಡ್‌ಲೈಟನ್ನು ತಗ್ಗಿಸಿದೆ. ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ, ಬೋಲ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಕ್ಯಾಸಲ್‌ರಾಕ್ ಕಡೆಯ ಕಲ್ಲುದಾರಿ ಮುಗಿಸಿ ಬಂದಾಗ ಗೆರೆ ಮುರಿದು ಕಂಡ ಬೋಲ್ಟಿಗೆ ಅಲ್ಲೇ ಪಾನಾ ಹಾಕುತ್ತೇನೆ.